ಏಳು ಜನ, ನಾಲ್ಕೂಕಾಲು ಮೀಟರ್



ಇವತ್ತು ರಾಜಕೀಯಕ್ಕೆ ರಜೆ. ಇವತ್ತು ಕಾರಿನ ಮಾತು. ಹಾಗಂತ ಮೈಲೇಜ್ ಎಷ್ಟು, ಆನ್‌ರೋಡ್ ಎಷ್ಟು ಬೀಳುತ್ತೆ ಅಂತ ಕೇಳಬೇಡಿ. ಅದನ್ನ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ನಿಮ್ಮ ಮುಂದೆ ಎರಡು ಸಂಖ್ಯೆ ಇಡ್ತೀನಿ, ಅಷ್ಟೇ.

ಮೊದಲನೆಯದು 4.25 ಮೀಟರ್. ಫ್ರಾನ್ಸಿನ ರೆನೋ ಕಂಪನಿ 1984ರಲ್ಲಿ ಮಾರುಕಟ್ಟೆಗೆ ತಂದ ಎಸ್ಪಾಸ್ ಅನ್ನೋ ಕಾರಿನ ಉದ್ದ ಅದು. ಅದರಲ್ಲಿ ಏಳು ಜನ ಕೂರಬಹುದಿತ್ತು. ಎರಡನೆಯದು 4.47 ಮೀಟರ್. 2024ರಲ್ಲಿ ಯುರೋಪಿನ 'ವರ್ಷದ ಕಾರು' ಪ್ರಶಸ್ತಿ ಗೆದ್ದ, ಅದೇ ರೆನೋದ ಸೆನಿಕ್ ಎಲೆಕ್ಟ್ರಿಕ್ ಕಾರಿನ ಉದ್ದ. ಅದರಲ್ಲಿ ಐದೇ ಸೀಟು.

ಲೆಕ್ಕ ಹಾಕಿ. ನಲವತ್ತು ವರ್ಷದಲ್ಲಿ ಕಾರು ಒಂದು ಗೇಣು ಉದ್ದ ಆಯ್ತು, ಒಳಗಿದ್ದವರಲ್ಲಿ ಇಬ್ಬರು ಇಳಿದುಹೋದ್ರು. ಯಾರು ಆ ಇಬ್ಬರು? ಅಜ್ಜ ಅಜ್ಜಿ ಇರಬಹುದು, ಪಕ್ಕದ ಮನೆ ಮಕ್ಕಳಿರಬಹುದು, ಮದುವೆಗೆ ಹೊರಟ ಚಿಕ್ಕಪ್ಪ ಚಿಕ್ಕಮ್ಮ ಇರಬಹುದು. ಅವರನ್ನ ಇಳಿಸಿದ್ದು ಯಾರು? ಕಂಪನಿಯಾ, ಕಾನೂನಾ, ಇಲ್ಲ ಕಾರು ಕೊಂಡವರಾ? ಉತ್ತರ ಬೇಕಂದ್ರೆ ರೆನೋ ಕಥೆಯನ್ನ ಸ್ವಲ್ಪ ಹಿಂದಿನಿಂದ ನೋಡಬೇಕು. ಯಾಕೆ ರೆನೋ ಅಂದ್ರೆ, ಸಂಸಾರಸ್ಥರ ಕಾರು ಹೇಗಿರಬೇಕು ಅಂತ ಯುರೋಪಿಗೆ ಮತ್ತೆ ಮತ್ತೆ ಹೇಳಿಕೊಟ್ಟ ಕಂಪನಿ ಅದು. ಹೇಳಿಕೊಟ್ಟ ಪಾಠವನ್ನ ಆಮೇಲೆ ತಾನೇ ಬದಿಗಿಟ್ಟ ಕಂಪನಿಯೂ ಅದೇ.

1945ರ ಜನವರಿಯಲ್ಲಿ ಫ್ರಾನ್ಸ್ ಸರ್ಕಾರ ರೆನೋವನ್ನು ರಾಷ್ಟ್ರೀಕರಣ ಮಾಡಿತು. ಸ್ಥಾಪಕ ಲೂಯಿ ರೆನೋ ಮೇಲೆ ಯುದ್ಧಕಾಲದಲ್ಲಿ ಜರ್ಮನ್ನರಿಗೆ ಸಹಕಾರ ಕೊಟ್ಟ ಆರೋಪ ಇತ್ತು. ವಿಚಾರಣೆ ನಡೆಯುವ ಮೊದಲೇ ಆತ ತೀರಿಕೊಂಡಿದ್ದ. ಹೀಗೆ ಸರ್ಕಾರಿ ಕಾರ್ಖಾನೆಯಾದ ರೆನೋ, ಸಾಮಾನ್ಯ ಜನರಿಗೆ ಕಾರು ಕೊಡುವ ಕೆಲಸಕ್ಕೆ ಇಳಿಯಿತು. ಮೊದಲು ಬಂದದ್ದು 4ಸಿವಿ. ಹಿಂದೆ ಎಂಜಿನ್, ಮುಂದೆ ಡಿಕ್ಕಿ, ಪುಟಾಣಿ ಕಾರು. ಹತ್ತು ಲಕ್ಷ ದಾಟಿದ ಮೊದಲ ಫ್ರೆಂಚ್ ಕಾರು ಅದು. ಆದ್ರೆ ನಮ್ಮ ಕಥೆಗೆ ಅದು ಮುನ್ನುಡಿ ಮಾತ್ರ.

ನಿಜವಾದ ಕಥೆ ಶುರುವಾಗೋದು 1961ರಲ್ಲಿ, ರೆನೋ 4 ಇಂದ. ಆಗಿನ ಮುಖ್ಯಸ್ಥ ಪಿಯರ್ ಡ್ರೇಫಸ್ ತಲೆಯಲ್ಲಿದ್ದ ಕಲ್ಪನೆ ಕೇಳಿ: ಜೀನ್ಸ್ ಪ್ಯಾಂಟ್ ಇದ್ದ ಹಾಗೆ ಇರಬೇಕು ಕಾರು. ಹೊಲಕ್ಕೂ ಸೈ, ಆಫೀಸಿಗೂ ಸೈ, ಗಂಡಿಗೂ ಸೈ, ಹೆಣ್ಣಿಗೂ ಸೈ, ಬಡವನಿಗೂ ಸೈ. ಎಷ್ಟು ಚಂದದ ಕಲ್ಪನೆ ನೋಡಿ. ಕಾರನ್ನ ನೋಡಿ ಯಾರೂ ನಿಮ್ಮ ಅಂತಸ್ತು ಅಳೆಯೋಕೆ ಆಗಬಾರದು ಅಂತ ಒಬ್ಬ ಕಾರು ಕಂಪನಿ ಮುಖ್ಯಸ್ಥ ಯೋಚನೆ ಮಾಡಿದ್ದ! ಇವತ್ತು ಅಂಥ ಮಾತಾಡಿದ್ರೆ ಮಾರ್ಕೆಟಿಂಗ್ ವಿಭಾಗದವರು ಮೀಟಿಂಗ್‌ನಿಂದಲೇ ಎದ್ದು ಹೋಗ್ತಾರೆ.

ನಾನು ಎಂಜಿನಿಯರಿಂಗ್ ಓದಿ ಬಂದವನು. ಹಾಗಾಗಿ ಈ ಕಾರಿನ ಒಂದೆರಡು ವಿಷಯ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸು ಬರಲ್ಲ. ಅದರ ಗೇರ್‌ಬಾಕ್ಸ್ ಎಂಜಿನ್ನಿಗಿಂತ ಮುಂದೆ ಇತ್ತು. ಗೇರ್ ಸಲಾಕೆ ಎಂಜಿನ್ ಮೇಲಿಂದ ಹಾದು ಡ್ಯಾಶ್‌ಬೋರ್ಡ್‌ನಿಂದ ಹೊರಗೆ ಬರ್ತಿತ್ತು, ಕೊಡೆಯ ಹಿಡಿ ಇದ್ದ ಹಾಗೆ. ತಳ್ಳೋದು, ಎಳೆಯೋದು, ತಿರುಗಿಸೋದು. ನೋಡೋಕೆ ತಮಾಷೆ, ಆದ್ರೆ ಅದರಿಂದ ಆದ ಲಾಭ ಏನು ಗೊತ್ತಾ? ಕಾಲ ಬುಡದಲ್ಲಿ ಗೇರ್ ಇಲ್ಲ, ನಡುವೆ ಉಬ್ಬು ಇಲ್ಲ. ಈ ಕಡೆಯಿಂದ ಆ ಕಡೆಗೆ ನೆಲ ಒಂದೇ ಸಮ.

ಇನ್ನೊಂದು ಇನ್ನೂ ಸ್ವಾರಸ್ಯ. ಆ ಕಾರಿನ ಎಡಗಡೆ ಚಕ್ರಗಳ ನಡುವಿನ ಅಂತರವೇ ಬೇರೆ, ಬಲಗಡೆಯದೇ ಬೇರೆ! ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ. ತಯಾರಿಕೆಯ ದೋಷ ಅಲ್ಲ, ಬೇಕಂತಲೇ ಮಾಡಿದ್ದು. ಹಿಂಬದಿಯ ಸಸ್ಪೆನ್ಷನ್‌ಗೆ ಸುರುಳಿ ಸ್ಪ್ರಿಂಗ್ ಬದಲು ಅಡ್ಡಲಾಗಿ ಮಲಗಿಸಿದ, ತಿರುಚಿಕೊಳ್ಳುವ ಎರಡು ಉಕ್ಕಿನ ಸರಳುಗಳಿದ್ದವು. ಎರಡೂ ಕಾರಿನ ಪೂರ್ತಿ ಅಗಲದಷ್ಟು ಉದ್ದ. ಒಂದೇ ಜಾಗದಲ್ಲಿ ಎರಡನ್ನ ಇಡೋಕಾಗಲ್ಲ, ಒಂದರ ಹಿಂದೆ ಒಂದು ಇಟ್ರು. ಹಾಗಾಗಿ ಒಂದು ಚಕ್ರ ಮುಂದೆ, ಒಂದು ಹಿಂದೆ. ಸರಳು ನೆಲದ ಕೆಳಗೆ ಮಲಗಿದ್ದರಿಂದ ಮೇಲೆ ಸಾಮಾನಿಗೆ ಜಾಗ ಸಿಕ್ತು. ಚಕ್ರ ಸಾಲಾಗಿ ಕಾಣದಿದ್ರೆ ಪರವಾಗಿಲ್ಲ, ಮನೆಯವರಿಗೆ ಜಾಗ ಸಿಗಬೇಕು. ಆ ಕಾಲದ ಎಂಜಿನಿಯರ್‌ಗಳ ಲೆಕ್ಕ ಇಷ್ಟು ನೇರ ಇತ್ತು.

ಹಿಂದೆ ದೊಡ್ಡ ಬಾಗಿಲು, ಬಂಪರ್‌ವರೆಗೂ ತೆರೆಯುತ್ತಿತ್ತು. ಹಿಂದಿನ ಸೀಟು ಮಡಚಬಹುದು, ಬೇಕಿದ್ರೆ ಕಿತ್ತು ಮನೆಯಲ್ಲೇ ಇಟ್ಟು ಬರಬಹುದು. ರೈತ, ಬೇಕರಿಯವನು, ಅಂಚೆಯವನು, ಪೊಲೀಸು, ಸನ್ಯಾಸಿನಿ, ಕಾಲೇಜು ಹುಡುಗ, ಎಲ್ಲರ ಕೈಯಲ್ಲೂ ಅದೇ ಕಾರು. ಮೂವತ್ತು ವರ್ಷಕ್ಕೂ ಮೀರಿ ತಯಾರಾಗಿ, 80 ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು.

ನಾಲ್ಕು ವರ್ಷದ ನಂತರ, 1965ರಲ್ಲಿ ಬಂದ ರೆನೋ 16 ಅದೇ ಹಿಂಬಾಗಿಲನ್ನ ದೊಡ್ಡ ಕಾರಿಗೆ ಏರಿಸಿತು. ಅಲ್ಲಿಯವರೆಗೆ ಮರ್ಯಾದಸ್ಥರ ಕಾರು ಅಂದ್ರೆ ಹಿಂದೆ ಪೆಟ್ಟಿಗೆ ಥರ ಡಿಕ್ಕಿ ಇರಲೇಬೇಕು ಅನ್ನೋ ನಂಬಿಕೆ. ಹಿಂಬಾಗಿಲು ಇದ್ರೆ ಅದು ಸಾಮಾನು ಸಾಗಿಸೋ ಗಾಡಿ. ರೆನೋ 16 ಆ ನಂಬಿಕೆ ಒಡೆದು 1966ರ 'ವರ್ಷದ ಕಾರು' ಆಯ್ತು. ಇವತ್ತು ನಮ್ಮ ಬೀದಿಯ ಅರ್ಧಕ್ಕರ್ಧ ಕಾರುಗಳ ಹಿಂದೆ ಇರೋದು ಅದೇ ಬಾಗಿಲು.

ಈಗ ಎಸ್ಪಾಸ್ ವಿಷಯಕ್ಕೆ ಬರ್ತೀನಿ. ಇದನ್ನ ಹುಟ್ಟುಹಾಕಿದ್ದು ರೆನೋ ಅಲ್ಲವೇ ಅಲ್ಲ. ಮಾತ್ರಾ ಅಂತ ಇನ್ನೊಂದು ಫ್ರೆಂಚ್ ಕಂಪನಿ. ಕ್ಷಿಪಣಿ ಮಾಡ್ತಿದ್ದವರು. ನಮ್ಮ ವಾಯುಪಡೆಯ ಮಿರಾಜ್ 2000 ವಿಮಾನದ ರೆಕ್ಕೆ ಕೆಳಗೆ ತೂಗಿದ್ದು ಇದೇ ಮಾತ್ರಾ ಕಂಪನಿಯ ಕ್ಷಿಪಣಿಗಳು. 1969ರಲ್ಲಿ ಜಾಕಿ ಸ್ಟೀವರ್ಟ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದೂ ಮಾತ್ರಾ ಕಾರಿನಲ್ಲೇ. ಕ್ಷಿಪಣಿ ಮಾಡೋರು, ರೇಸ್ ಕಾರು ಮಾಡೋರು ಸಂಸಾರಸ್ಥರ ಕಾರು ಮಾಡಿದ್ರೆ ಹೇಗಿರುತ್ತೆ? ನೆಲ ಸಪಾಟು, ಮೂಗು ಗಿಡ್ಡ, ಎದುರಿನ ಗಾಜು ಮೂಗಿನ ತುದಿಯಿಂದಲೇ ಇಳಿಜಾರಾಗಿ ಮೇಲಕ್ಕೆ ಏರುತ್ತೆ. ಒಂದೊಂದೂ ಬಿಡಿ ಸೀಟು. ಬೇಕಾದ್ರೆ ತೆಗೆಯಿರಿ, ಬೇಡವಾದ್ರೆ ಮಡಚಿ ಮೇಜು ಮಾಡಿಕೊಳ್ಳಿ. ಮುಂದಿನ ಎರಡು ಸೀಟು ಹಿಂದಕ್ಕೆ ತಿರುಗಿ ಹಿಂದಿನವರ ಎದುರಾಬದುರು ಆಗ್ತವೆ. ಒಳಗೆ ಸತು ಲೇಪಿಸಿದ ಉಕ್ಕಿನ ಹಂದರ, ಹೊರಗೆ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಹಲಗೆ. ಮಾತ್ರಾ ಕಂಪನಿಯ ಫಿಲಿಪ್ ಗೆಡೋನ್ ಈ ಯೋಜನೆಯ ಬೆನ್ನೆಲುಬು.

ಅವರು ಮೊದಲು ಹೋಗಿದ್ದು ಪ್ಯೂಜೊ ಸಮೂಹದ ಬಾಗಿಲಿಗೆ. ಪ್ಯೂಜೊದವರು ನಷ್ಟದಲ್ಲಿದ್ದರು. ದುಬಾರಿ, ಅಪಾಯ, ಬೇಡ ಅಂದ್ರು. ಆಮೇಲೆ ರೆನೋ ಬಾಗಿಲು ತಟ್ಟಿದ್ರು. ರೆನೋ ಮುಖ್ಯಸ್ಥ ಬರ್ನಾರ್ಡ್ ಹಾನೋನ್ ಒಪ್ಪಿಕೊಂಡರು. 1984ರಲ್ಲಿ ಕಾರು ಬಂತು. ಮೊದಲ ತಿಂಗಳು ಎಷ್ಟು ಮಾರಾಟ ಆಯ್ತು ಹೇಳಿ ನೋಡೋಣ?

ಒಂಬತ್ತು.

ಒಂಬತ್ತು ಸಾವಿರ ಅಲ್ಲ. ಒಂಬತ್ತು ಕಾರು. ಶೋರೂಮಿಗೆ ಬಂದವರಿಗೆ ಇದು ಕಾರೋ ವ್ಯಾನೋ ಗೊತ್ತಾಗಲಿಲ್ಲ. ಬೇರೆ ಕಂಪನಿಯಾಗಿದ್ರೆ ಎರಡನೇ ತಿಂಗಳಿಗೆ ಬಾಗಿಲು ಹಾಕ್ತಿತ್ತು. ರೆನೋ ಕಾದಿತು. ಒಳಗೆ ಕೂತವರು ಇನ್ನೊಬ್ಬರಿಗೆ ಹೇಳಿದ್ರು, ಅವರು ಮತ್ತೊಬ್ಬರಿಗೆ ಹೇಳಿದ್ರು. ಮೊದಲ ತಲೆಮಾರಿನ ಎಸ್ಪಾಸ್ ಒಂದೇ ಎರಡು ಲಕ್ಷದ ಹತ್ತಿರ ಮಾರಾಟ ಆಯ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಕ್ರೈಸ್ಲರ್ ಕೂಡ ತನ್ನ ಮಿನಿವ್ಯಾನ್ ತಂದಿತ್ತು, ಜಪಾನಿನವರೂ ಆ ದಾರಿಯಲ್ಲಿದ್ದರು. ರೆನೋ ಒಬ್ಬಂಟಿ ಅಂತ ನಾನು ಹೇಳ್ತಿಲ್ಲ. ಆದ್ರೆ ಯುರೋಪಿನಲ್ಲಿ ಆ ಹೆಸರು ಆ ಥರದ ಕಾರಿಗೇ ಅಂಟಿಕೊಳ್ತು. ಎಸ್ಪಾಸ್ ಅಂದ್ರೆ ಫ್ರೆಂಚ್‌ನಲ್ಲಿ ಜಾಗ, ಅವಕಾಶ. ಹೆಸರಲ್ಲೇ ಎಲ್ಲ ಇತ್ತು.

1996ರಲ್ಲಿ ಅದೇ ವಿಚಾರವನ್ನ ಮಧ್ಯಮ ವರ್ಗದ ಜೇಬಿಗೆ ಹೊಂದಿಸಿ ತಂದದ್ದು ಸೆನಿಕ್. ಬರೀ 4.13 ಮೀಟರ್. ಐದು ಜನ, ಆದ್ರೆ ಹಿಂದಿನ ಮೂವರಿಗೂ ಬಿಡಿಬಿಡಿ ಸೀಟು, ಮೂರನ್ನೂ ಕಿತ್ತಿಡಬಹುದು. ಕಾಲ ಬುಡದಲ್ಲಿ ಮುಚ್ಚಳದ ಗೂಡು, ಮುಂದಿನ ಸೀಟಿನ ಬೆನ್ನಿಗೆ ವಿಮಾನದಲ್ಲಿರೋ ಥರ ತಟ್ಟೆ. ಇದರ ವಿನ್ಯಾಸದ ಮುಂದಾಳು ಆ್ಯನ್ ಅಸೆನ್ಸಿಯೊ ಅನ್ನೋ ಮಹಿಳೆ. ಮಕ್ಕಳಿದ್ದ ಮನೆಯ ಕಷ್ಟ ಗೊತ್ತಿದ್ದವರು ಮಾಡಿದ ಕಾರು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. 1997ರ 'ವರ್ಷದ ಕಾರು' ಆಯ್ತು. ಬೇಡಿಕೆ ಕಂಪನಿಯ ಅಂದಾಜನ್ನೆಲ್ಲ ಮೀರಿತು. ಸಿಟ್ರನ್, ಓಪೆಲ್, ಫೋಕ್ಸ್‌ವ್ಯಾಗನ್, ಫೋರ್ಡ್ ಎಲ್ಲರೂ ಹಿಂದೆ ಬಿದ್ದು ತಮ್ಮದೊಂದು ಮಾಡಿದ್ರು. ಹತ್ತು ವರ್ಷ ಯುರೋಪಿನ ಶಾಲೆಗಳ ಗೇಟಿನ ಮುಂದೆ ಇದೇ ಆಕಾರದ ಕಾರುಗಳು.

ಆಮೇಲೆ ಏನಾಯ್ತು? ಇಲ್ಲಿ ನೋಡಿ ವಿಧಿಯ ಆಟ.

1999ರಲ್ಲಿ ರೆನೋ, ಮುಳುಗ್ತಾ ಇದ್ದ ಜಪಾನಿನ ನಿಸ್ಸಾನ್ ಕಂಪನಿಯಲ್ಲಿ ಪಾಲು ಕೊಂಡು ಕೈಹಿಡಿದು ಮೇಲೆತ್ತಿತು. ಆ ನಿಸ್ಸಾನ್ 2007ರಲ್ಲಿ ಕಶ್ಕಾಯ್ ಅನ್ನೋ ಕಾರನ್ನ ಯುರೋಪಿನ ರಸ್ತೆಗಿಳಿಸಿತು. ಮಾಮೂಲಿ ಹ್ಯಾಚ್‌ಬ್ಯಾಕ್ ಥರದ ತಳ, ಬಹುಪಾಲು ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಆದ್ರೆ ನೋಡೋಕೆ ಕಾಡುಮೇಡು ಹತ್ತೋ ಜೀಪಿನ ಗತ್ತು. ಅದೇ ಕ್ರಾಸ್‌ಓವರ್. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಾರ್ಖಾನೆಯಿಂದ ಲಕ್ಷ ಲಕ್ಷ ಹೊರಗೆ ಬಂತು. ಸೆನಿಕ್ ಕೊಳ್ಳಬೇಕಿದ್ದ ಗಿರಾಕಿ ಕಶ್ಕಾಯ್ ಕಡೆ ನಡೆದ. ರೆನೋ ತನ್ನ ಮನೆಯಲ್ಲಿ ಅನ್ನ ಹಾಕಿದವನೇ ತನ್ನ ಅಂಗಡಿಯ ಗಿರಾಕಿಗಳನ್ನ ಕರ್ಕೊಂಡು ಹೋದ.

ಇನ್ನೂ ಒಂದು ವಿಚಿತ್ರ ಇದೆ. ಇಂಥ ವೇಷದ ಕಾರನ್ನ ಎಲ್ಲರಿಗಿಂತ ಎಷ್ಟೋ ಮೊದಲು ಮಾಡಿದ್ದವರು ಯಾರು ಗೊತ್ತಾ? ಅದೇ ಮಾತ್ರಾ ಕಂಪನಿ! 1977ರಲ್ಲಿ ರಾಂಚೊ ಅಂತ ಒಂದು ಕಾರು. ಸಿಮ್ಕಾ ಅನ್ನೋ ಪುಟ್ಟ ಕಾರಿನ ತಳದ ಮೇಲೆ ಜೀಪಿನ ಅಂಗಿ. ಫೋರ್ ವೀಲ್ ಡ್ರೈವ್ ಇಲ್ಲ, ಗತ್ತು ಮಾತ್ರ. ಜಾಗದ ಕಾರು, ಗತ್ತಿನ ಕಾರು, ಎರಡರ ಬೀಜವೂ ಒಂದೇ ಮನೆಯಲ್ಲಿತ್ತು.

ಆ ಮನೆಯ ಗತಿ ಏನಾಯ್ತು ಅಂತಾನೂ ಹೇಳಬೇಕು. ಮಾತ್ರಾ ಕಾರ್ಖಾನೆ ಇದ್ದದ್ದು ಫ್ರಾನ್ಸಿನ ರೊಮೊರಾಂತ್ಯಾಂ ಅನ್ನೋ ಸಣ್ಣ ಪಟ್ಟಣದಲ್ಲಿ. ಎಸ್ಪಾಸ್ ಜನಪ್ರಿಯವಾಗಿದ್ದೇ ತಡ, ನಾಲ್ಕನೇ ತಲೆಮಾರಿನ ಎಸ್ಪಾಸ್ ತಯಾರಿಕೆಯನ್ನ ರೆನೋ ತನ್ನದೇ ಕಾರ್ಖಾನೆಗೆ ಒಯ್ದಿತು. 2002ರಿಂದ ಅದು ಉಕ್ಕಿನ ಮೈಯ ಕಾರು. ಅದರ ಬದಲಿಗೆ ಮಾತ್ರಾ ಕೈಗೆ ಕೊಟ್ಟದ್ದು ಅವಂಟೈಮ್ ಅನ್ನೋ ಕಾರು. ಎಸ್ಪಾಸ್ ಗಾತ್ರ, ಆದ್ರೆ ಎರಡೇ ಬಾಗಿಲು! ಎಂಪಿವಿಯೂ ಹೌದು, ಸ್ಪೋರ್ಟ್ಸ್ ಕಾರೂ ಹೌದು ಅನ್ನೋ ಸೃಷ್ಟಿ. ಇವತ್ತಿಗೂ ಅದನ್ನ ಮೆಚ್ಚೋ ಹುಚ್ಚರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಆದ್ರೆ ಗಿರಾಕಿ ಬರಲಿಲ್ಲ. ಒಟ್ಟು ಒಂಬತ್ತು ಸಾವಿರವೂ ತಯಾರಾಗಲಿಲ್ಲ. 2003ರಲ್ಲಿ ಮಾತ್ರಾ ಕಂಪನಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ಕಾರ್ಖಾನೆಗೆ ಬೀಗ. ಯುರೋಪಿಗೆ ಏಳು ಸೀಟಿನ ಪಾಠ ಹೇಳಿಕೊಟ್ಟ ಕಾರ್ಮಿಕರು ಬೀದಿಗೆ ಬಂದ್ರು. ಇವತ್ತು ಆ ಊರಲ್ಲಿ ಉಳಿದಿರೋದು ಮಾತ್ರಾ ಕಾರುಗಳ ಒಂದು ವಸ್ತುಸಂಗ್ರಹಾಲಯ.

ಈಗ ಗಿರಾಕಿಯ ಕಡೆಯಿಂದ ನೋಡೋಣ. ಎಂಪಿವಿಯಲ್ಲೂ ಎತ್ತರ ಇತ್ತು, ಕ್ರಾಸ್‌ಓವರ್‌ನಲ್ಲೂ ಎತ್ತರ ಇದೆ. ಹಾಗಿದ್ರೆ ಜಾಗ ಎಲ್ಲಿ ಹೋಯ್ತು?

ಎಂಪಿವಿಯಲ್ಲಿ ಎತ್ತರ ಕೂತವರ ಪಾಲಿಗೆ ಹೋಗುತ್ತೆ. ಕುರ್ಚಿ ಮೇಲೆ ಕೂತ ಹಾಗೆ ನೆಟ್ಟಗೆ ಕೂರ್ತೀರಿ. ನೆಟ್ಟಗೆ ಕೂತವರಿಗೆ ಕಾಲು ಚಾಚೋ ಉದ್ದ ಕಡಿಮೆ ಸಾಕು. ಹಾಗಾಗಿ ಅದೇ ಉದ್ದದಲ್ಲಿ ಇನ್ನೊಂದು ಸಾಲು ಹಿಡಿಯುತ್ತೆ. ಬಾನೆಟ್ ಗಿಡ್ಡ, ಗಾಜು ಮುಂದೆ. ಕ್ರಾಸ್‌ಓವರ್‌ನಲ್ಲಿ ಎತ್ತರ ಪ್ರದರ್ಶನಕ್ಕೆ ಹೋಗುತ್ತೆ. ಬಾನೆಟ್ ಉದ್ದ ಇರಬೇಕು, ಎದೆ ಉಬ್ಬಿಸಿ ನಿಂತ ಹಾಗೆ ಕಾಣಬೇಕು. ಚಕ್ರ ದೊಡ್ಡದಿರಬೇಕು. ದೊಡ್ಡ ಚಕ್ರಕ್ಕೆ ದೊಡ್ಡ ಕಮಾನು ಬೇಕು, ಆ ಕಮಾನು ಒಳಗಿನ ಜಾಗ ತಿನ್ನುತ್ತೆ. ಚಾವಣಿ ಹಿಂದಕ್ಕೆ ಇಳಿಜಾರಾಗಬೇಕು, ಹಿಂದೆ ಕೂತವರ ತಲೆ ತಾಗುತ್ತೆ. ಕಿಟಕಿ ಸಣ್ಣದಾಗಬೇಕು, ಮಕ್ಕಳಿಗೆ ಹೊರಗಿನ ಹಸುನೂ ಕಾಣಲ್ಲ, ಎಮ್ಮೆನೂ ಕಾಣಲ್ಲ.

ಹಾಗಂತ ಜನ ದಡ್ಡರಲ್ಲ. ಎತ್ತರದ ಸೀಟಿನ ಸುಖ ಸುಳ್ಳಲ್ಲ. ಮಂಡಿ ನೋವಿರುವ ತಾಯಿಯನ್ನ ತಗ್ಗಿನ ಕಾರಿನಿಂದ ಎಬ್ಬಿಸಿದವರಿಗೆ ಅದು ಗೊತ್ತು. ರಸ್ತೆ ಚೆನ್ನಾಗಿ ಕಾಣುತ್ತೆ, ಧೈರ್ಯ ಬರುತ್ತೆ. ಆದ್ರೆ ಆ ಸುಖ ಎಂಪಿವಿಯಲ್ಲೂ ಇತ್ತಲ್ಲ? ಇತ್ತು. ಇಲ್ಲದೇ ಇದ್ದದ್ದು ಒಂದೇ. ಎಂಪಿವಿ ಓಡಿಸೋ ಅಪ್ಪ ಬರೀ ಅಪ್ಪನ ಥರ ಕಾಣ್ತಿದ್ದ. ಕ್ರಾಸ್‌ಓವರ್ ಓಡಿಸೋ ಅಪ್ಪ ವಾರಾಂತ್ಯಕ್ಕೆ ಬೆಟ್ಟ ಹತ್ತೋ ಸಾಹಸಿ ಥರ ಕಾಣ್ತಾನೆ. ಬೆಟ್ಟ ಹತ್ತಲ್ಲ, ಅದು ಬೇರೆ ವಿಷಯ.

ರೆನೋಗೆ ಈ ಪಾಠ ಕಲಿಸಿದ್ದು ಎರಡು ಪುಟ್ಟ ಕಾರುಗಳು. 2004ರಲ್ಲಿ ಮೋಡಸ್ ಅಂತ ಒಂದು ಪುಟಾಣಿ ಎಂಪಿವಿ ತಂದರು. ಅದರ ವರ್ಗದಲ್ಲಿ ಯುರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಕಾರು ಅದು. ಜಾಣ ಕಾರು, ಸುರಕ್ಷಿತ ಕಾರು, ಆದ್ರೆ ಮಾರಾಟ ಸಪ್ಪೆ. 2013ರಲ್ಲಿ ಅದರ ಜಾಗಕ್ಕೆ ಕ್ಯಾಪ್ಚರ್ ಬಂತು. ಎತ್ತರದ ನಿಲುವು, ಎರಡು ಬಣ್ಣದ ಮೈ. ಬಿಸಿ ದೋಸೆ ಥರ ಖರ್ಚಾಯ್ತು. ಲೆಕ್ಕ ನೋಡೋ ಯಾವ ಕಂಪನಿಯೇ ಆಗಲಿ, ಇದಾದ ಮೇಲೆ ಇನ್ನೊಂದು ಮೋಡಸ್ ಮಾಡ್ತಿತ್ತಾ? 2015ರಲ್ಲಿ ಕಶ್ಕಾಯ್‌ನದೇ ತಳದ ಮೇಲೆ ಕಜಾರ್ ಬಂತು, 2022ರಲ್ಲಿ ಅದರ ಬದಲಿಗೆ ಆಸ್ಟ್ರಲ್. ಹಳೆಯ ಸೆನಿಕ್‌ಗೂ 2016ರಲ್ಲಿ 20 ಇಂಚಿನ ಚಕ್ರ ತೊಡಿಸಿ ನೋಡಿದ್ರು, ಮುದುಕನಿಗೆ ಜಿಮ್ ಬಟ್ಟೆ ಹಾಕಿಸಿದ ಹಾಗೆ. ಉಳಿಯಲಿಲ್ಲ. 2022ಕ್ಕೆ ಅದರ ಕಥೆ ಮುಗೀತು.

2023ರಲ್ಲಿ ಬಂದ ಹೊಸ ಎಸ್ಪಾಸ್ ಅಂದ್ರೆ ಆಸ್ಟ್ರಲ್ ಎಸ್‌ಯುವಿಯನ್ನೇ ಉದ್ದಕ್ಕೆ ಎಳೆದದ್ದು. ಏಳು ಸೀಟು ಬೇಕಂದ್ರೆ ಸಿಗುತ್ತೆ, ಆದ್ರೆ ಅದಕ್ಕೆ 4.72 ಮೀಟರ್ ಬೇಕು. ಒಂದು ನ್ಯಾಯದ ಮಾತು ಹೇಳಬೇಕು: ಅದರ ಹಿಂದಿನ ಎಸ್ಪಾಸ್‌ಗಿಂತ ಇದು 14 ಸೆಂಟಿಮೀಟರ್ ಗಿಡ್ಡ, ಇನ್ನೂರು ಕಿಲೋಗೂ ಹೆಚ್ಚು ಹಗುರ. ಆಮೇಲೆ ಬಂತು ಹೊಸ ಸೆನಿಕ್. ಪೂರ್ತಿ ಎಲೆಕ್ಟ್ರಿಕ್, 87 ಕಿಲೋವ್ಯಾಟ್ ಅವರ್‌ನ ಬ್ಯಾಟರಿ, ಪರೀಕ್ಷೆಯ ಲೆಕ್ಕದಲ್ಲಿ 600 ಕಿಲೋಮೀಟರ್‌ಗೂ ಮೀರಿದ ಓಟ. ಒಳ್ಳೆ ಕಾರು, ಅನುಮಾನ ಬೇಡ. ಆದ್ರೆ ಕಿತ್ತಿಡೋ ಸೀಟಿಲ್ಲ, ಕಾಲಡಿಯ ಗೂಡಿಲ್ಲ. 1997ರಲ್ಲಿ ಪ್ರಶಸ್ತಿ ಗೆದ್ದ ಸೆನಿಕ್, 2024ರಲ್ಲಿ ಪ್ರಶಸ್ತಿ ಗೆದ್ದ ಸೆನಿಕ್, ಎರಡಕ್ಕೂ ಇರೋ ಸಂಬಂಧ ಅಂದ್ರೆ ಹೆಸರು. ರೆನೋ 4 ಕೂಡ ಎಲೆಕ್ಟ್ರಿಕ್ ಆಗಿ ಮತ್ತೆ ಹುಟ್ಟಿದೆ. ಅದರ ಹಿಂಬಾಗಿಲನ್ನ ಹಳೆಯದರ ಹಾಗೆ ತಗ್ಗಿನವರೆಗೂ ತೆರೆಯೋ ಥರ ಮಾಡಿದ್ದಾರೆ, ಆ ಮಟ್ಟಿಗೆ ಖುಷಿ. ಆದ್ರೆ ಅಂತಸ್ತು ಅಳೆಯಬಾರದು ಅಂತ ಹುಟ್ಟಿದ್ದ ಕಾರು ಈಗ ಫ್ಯಾಷನ್.

ಕಂಪನಿ ಪರವಾಗಿ ವಾದ ಇಲ್ಲವೇ? ಇದೆ. 1984ರ ಎಸ್ಪಾಸ್‌ನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟನ್ನ ತಾನೇ ತಿನ್ನುವ ಮುಂಭಾಗಕ್ಕೆ ಇವತ್ತು ಉದ್ದ ಬೇಕು. ಪಕ್ಕದಿಂದ ಗುದ್ದಿದ್ರೆ ತಡೆಯೋಕೆ ಬಾಗಿಲು ದಪ್ಪ ಬೇಕು. ನೆಲದ ಕೆಳಗೆ ಬ್ಯಾಟರಿ ಮಲಗಿದ್ರೆ ನೆಲ ಮೇಲೇಳುತ್ತೆ. ಆ ಒಂದು ಗೇಣಿನಲ್ಲಿ ಸುರಕ್ಷತೆಯ ಪಾಲು ಎಷ್ಟಿದೆಯೋ ಅಷ್ಟನ್ನ ನಾನು ಕೈಮುಗಿದು ಒಪ್ತೀನಿ. ತಕರಾರು ಇರೋದು ಉಳಿದ ಪಾಲಿನ ಬಗ್ಗೆ. ಬಾನೆಟ್ ಎದೆ ಉಬ್ಬಿಸೋಕೆ, ಚಕ್ರ ಮಿಂಚೋಕೆ ಹೋದ ಜಾಗದ ಬಗ್ಗೆ. ಜೊತೆಗೆ ತೂಕ. ಮೊದಲ ಎಸ್ಪಾಸ್ ಸುಮಾರು 1,200 ಕಿಲೋ. ದೊಡ್ಡ ಬ್ಯಾಟರಿಯ ಹೊಸ ಸೆನಿಕ್ 1,800 ಕಿಲೋಗೂ ಮೇಲೆ.

ಈ ತೂಕದ ಮೇಲೆ ಫ್ರಾನ್ಸ್ ಸರ್ಕಾರ 2022ರಿಂದ ತೆರಿಗೆ ಹಾಕೋಕೆ ಶುರು ಮಾಡಿತು. ಮೊದಲು 1,800 ಕಿಲೋ ದಾಟಿದ ಕಾರಿಗೆ, 2024ರಲ್ಲಿ ಆ ಗಡಿ 1,600ಕ್ಕೆ ಇಳೀತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಜನಮತ ತಗೊಂಡರು: ಹೊರಗಿನಿಂದ ಬರುವ ಭಾರಿ ತೂಕದ ಕಾರುಗಳಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡೋಣವಾ? 54.5 ಶೇಕಡಾ ಜನ ಹೌದು ಅಂದ್ರು. ನಗರದ ನಡುಭಾಗದಲ್ಲಿ ಗಂಟೆಗೆ 18 ಯೂರೊ! ಆದ್ರೆ ಮತ ಹಾಕಿದವರು ಶೇಕಡಾ 6ಕ್ಕಿಂತ ಕಡಿಮೆ. ಎಸ್‌ಯುವಿ ಕೊಳ್ಳೋಕೆ ಸಾಲು ನಿಲ್ಲೋ ಊರು, ಎಸ್‌ಯುವಿ ಬೇಡ ಅನ್ನೋಕೆ ಮತಗಟ್ಟೆಗೂ ಬರಲಿಲ್ಲ, ಬೇಕು ಅನ್ನೋಕೂ ಬರಲಿಲ್ಲ.

ಅಲ್ಲಿ ಕಾರನ್ನ ತೂಗ್ತಾರೆ. ನಮ್ಮಲ್ಲಿ ಟೇಪು ಹಿಡಿದು ಅಳೀತಾರೆ. ಪೆಟ್ರೋಲ್ ಕಾರು 4 ಮೀಟರ್ ಒಳಗೆ, 1,200 ಸಿಸಿ ಒಳಗೆ ಇದ್ರೆ ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ 18 ಶೇಕಡಾ. ದಾಟಿದ್ರೆ 40. ಈ ಟೇಪಿನ ದೆಸೆಯಿಂದಲೇ ಒಂದು ಒಳ್ಳೆ ಕೆಲಸ ಆಯ್ತು ಅಂದ್ರೆ ನಂಬ್ತೀರಾ?

ರೆನೋ ನಮ್ಮ ದೇಶದಲ್ಲಿ ಹೆಸರು ಮಾಡಿದ್ದು 2012ರ ಡಸ್ಟರ್‌ನಿಂದ. ಚೆನ್ನೈ ಹತ್ತಿರದ ಒರಗಡಂ ಕಾರ್ಖಾನೆಯಲ್ಲಿ ತಯಾರಾದ ಕಾರು. ನಮ್ಮ ಹಂಪ್ಸು, ಗುಂಡಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮಲ್ಲಿ ಎತ್ತರ ಬರೀ ಗತ್ತು ಅಲ್ಲ ಅನ್ನೋದನ್ನ ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋದವರು ಒಪ್ತಾರೆ. 2015ರಲ್ಲಿ ಅದೇ ರೆನೋ ಲಾಡ್ಜಿ ಅಂತ ಎಂಪಿವಿ ತಂತು. ಮೂರು ಸಾಲು, ಒಳಗೆ ಧಾರಾಳ ಜಾಗ. ಡಸ್ಟರ್‌ಗೆ ಮುಗಿಬಿದ್ದ ಜನ ಲಾಡ್ಜಿಯನ್ನ ತಿರುಗಿ ನೋಡಲಿಲ್ಲ. ಬಿಎಸ್-6 ನಿಯಮ ಬರೋ ಹೊತ್ತಿಗೆ ಅದು ಮಾಯ. ಮೋಡಸ್ ಕಥೆಯೇ ಇಲ್ಲೂ ನಡೀತು. ನಮ್ಮ ಬಿಡದಿಯಲ್ಲಿ ತಯಾರಾಗೋ ಇನ್ನೋವಾ ನೋಡಿ, ಎಂಪಿವಿ ಅಂದ್ರೆ ಅದೇ ಅನ್ನೋ ಮಟ್ಟಕ್ಕೆ ಹೆಸರು ಮಾಡಿದ ಗಾಡಿ. 2022ರ ನವೆಂಬರ್‌ನಲ್ಲಿ ಹೈಕ್ರಾಸ್ ಆಗಿ ಬಂದಾಗ ಅದೂ ಎಸ್‌ಯುವಿ ಮುಖವಾಡ ಹಾಕ್ಕೊಂಡೇ ಬಂತು. ಪುಣ್ಯಕ್ಕೆ ಒಳಗಿನ ಮೂರು ಸಾಲು ಹಾಗೇ ಉಳಿದವು.

2019ರ ಆಗಸ್ಟ್‌ನಲ್ಲಿ ರೆನೋ ಟ್ರೈಬರ್ ಬಂತು. ಉದ್ದ 3.99 ಮೀಟರ್. ತೆರಿಗೆಯ ಟೇಪಿಗೆ ಒಂದು ಸೆಂಟಿಮೀಟರ್ ಕಡಿಮೆ. ಅದರೊಳಗೆ ಏಳು ಸೀಟು! 1984ರ ಎಸ್ಪಾಸ್‌ಗಿಂತ 26 ಸೆಂಟಿಮೀಟರ್ ಗಿಡ್ಡ ಕಾರಿನಲ್ಲಿ ಅಷ್ಟೇ ಜನ. ಮೂರನೇ ಸಾಲಿನ ಎರಡು ಸೀಟನ್ನ ಕಿತ್ತು ಮನೆಯಲ್ಲಿ ಇಡಬಹುದು, ಥೇಟ್ ಎಸ್ಪಾಸ್ ಥರ. ಕಿತ್ತರೆ 625 ಲೀಟರ್ ಜಾಗ, ಇಟ್ಟರೆ 84 ಲೀಟರ್, ಅಂದ್ರೆ ಎರಡು ಬ್ಯಾಗಿಗೆ ಮುಗೀತು. ಹೊರಗೆ ಎಸ್‌ಯುವಿ ಥರ ಕಪ್ಪು ಪ್ಲಾಸ್ಟಿಕ್, ಮೇಲೆ ರೂಫ್ ರೈಲ್. ಗತ್ತಿನ ಅಂಗಿ ಹಾಕಿಸಿ ಜಾಗದ ಕಾರನ್ನ ಮಾರುವ ಉಪಾಯ. ಪ್ಯಾರಿಸ್‌ನಲ್ಲಿ ಬಿಟ್ಟ ವಿದ್ಯೆ ಒರಗಡಂನಲ್ಲಿ ಉಳೀತು. ಶುರುವಿನ ಬೆಲೆ 4.95 ಲಕ್ಷ ರೂಪಾಯಿ ಇತ್ತು. ಎಂಜಿನ್ ಒಂದು ಲೀಟರ್, 72 ಕುದುರೆ ಶಕ್ತಿ. ಏಳು ಜನರನ್ನ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಬೇಕಾದ್ರೆ ಆ ಕುದುರೆಗಳಿಗೆ ಸ್ವಲ್ಪ ಉಸಿರು ಬಿಡೋಕೆ ಬಿಡಿ.

ಅಂದ್ರೆ ಇಳಿದುಹೋದ ಇಬ್ಬರು ಮತ್ತೆ ಹತ್ತಿದ್ರು. ಆದ್ರೆ ಅವರು ಎಲ್ಲಿ ಕೂತಿದ್ದಾರೆ ಅಂತ ನೋಡಿ. 4 ಮೀಟರ್ ಒಳಗೆ ಮೂರು ಸಾಲು ಹಿಡಿಸಿದ್ರೆ, ಕಡೇ ಸಾಲಿನವರ ಬೆನ್ನಿಗೂ ಹಿಂಬಾಗಿಲಿಗೂ ನಡುವೆ ಉಳಿಯೋದು ಕೈಯಗಲದ ಜಾಗ. ಅಲ್ಲಿ ಕೂರಿಸೋದು ಯಾರನ್ನ? ಮಕ್ಕಳನ್ನ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಈ ಕಾರಿಗೆ ದೊಡ್ಡವರ ಸುರಕ್ಷತೆಗೆ ನಾಲ್ಕು ಸ್ಟಾರ್, ಮಕ್ಕಳ ಸುರಕ್ಷತೆಗೆ ಮೂರು ಸ್ಟಾರ್ ಕೊಟ್ಟಿತು. ಆ ಬೆಲೆಗೆ ಅದು ಒಳ್ಳೆಯ ಅಂಕವೇ. ಆದ್ರೆ ಸ್ಟಾರ್ ಕೊಡೋ ಗುದ್ದಿನ ಪರೀಕ್ಷೆಗಳು ಮುಂದಿನಿಂದ, ಪಕ್ಕದಿಂದ ಬೀಳೋ ಪೆಟ್ಟಿನವು. ಹೆದ್ದಾರಿಯಲ್ಲಿ ಹಿಂದಿನಿಂದ ಬಂದು ಗುದ್ದೋ ಲಾರಿಗೆ ಸ್ಟಾರ್ ಇಲ್ಲ. ಇದು ಟ್ರೈಬರ್ ಒಂದರ ಮಾತಲ್ಲ, ಮೂರು ಸಾಲಿನ ಯಾವ ಗಿಡ್ಡ ಕಾರಿಗಾದ್ರೂ ಕೇಳಬೇಕಾದ ಪ್ರಶ್ನೆ. ಶೋರೂಮಿಗೆ ಹೋದಾಗ ಸ್ಟೇರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳೋದು ಆಮೇಲೆ ಇರಲಿ. ಮೊದಲು ಹಿಂದಕ್ಕೆ ಹೋಗಿ, ಕಡೇ ಸಾಲಿನಲ್ಲಿ ನೀವೇ ಕೂತು, ಹಿಂಬಾಗಿಲು ಹಾಕಿಸಿಕೊಂಡು ನೋಡಿ. ತಲೆಯ ಹಿಂದೆ ಹೆಡ್‌ರೆಸ್ಟ್ ಇದೆಯಾ, ಬೆಲ್ಟ್ ಭುಜದ ಮೇಲಿಂದ ಬರುತ್ತಾ, ಹಿಂಬಾಗಿಲಿನ ಗಾಜು ಎಷ್ಟು ದೂರ ಇದೆ ಅಂತ ಕೈಚಾಚಿ ಅಳೆಯಿರಿ. ಸೇಲ್ಸ್‌ನವರು ನಗ್ತಾರೆ, ನಗಲಿ ಬಿಡಿ.